ಸ್ಪೈಡರ್-ವರ್ಸ್ ಎರಡನೇ ಸಿನಿಮಾ: ಮಿಗೆಲ್ ಹೇಳಿದ್ದು ನಿಜಾನಾ? ಅರ್ಧಕ್ಕೆ ನಿಲ್ಲಿಸಿದ್ದು ನ್ಯಾಯಾನಾ? (ಕಥೆ ಪೂರ್ತಿ ಇದೆ, ನೋಡದವರು ಓದಬೇಡಿ)

ಬಲೆಗಾರ:
'ಅಕ್ರಾಸ್ ದ ಸ್ಪೈಡರ್-ವರ್ಸ್' ಮತ್ತೆ ನೋಡಿದೆ. 2023ರಲ್ಲಿ ಥಿಯೇಟರ್‌ನಲ್ಲಿ ಬಂದ ಸಿಟ್ಟು ಇನ್ನೂ ಇಳಿದಿಲ್ಲ. 140 ನಿಮಿಷ ಕಣ್ಣು ಕೀಳದೆ ನೋಡಿದ್ದೀವಿ. ಸ್ಪೈಡರ್-ಮ್ಯಾನ್ ಆಗಿರೋ ಹುಡುಗ ಮೈಲ್ಸ್ ಯಾವುದೋ ಬೇರೆ ಲೋಕದಲ್ಲಿ ಸಿಕ್ಕಿಹಾಕಿಕೊಂಡಿದ್ದಾನೆ, ಎದುರಿಗೆ ಅವನದೇ ಮುಖದ ವಿಲನ್ ಪ್ರೌಲರ್ ನಿಂತಿದ್ದಾನೆ, ಈ ಕಡೆ ಅವನ ಅಪ್ಪನ ಜೀವ ಹೋಗೋ ಹೊತ್ತು ಹತ್ತಿರ ಬರ್ತಾ ಇದೆ, ಇನ್ನೊಂದು ಲೋಕದ ಸ್ಪೈಡರ್-ವುಮನ್, ಅವನ ಗೆಳತಿ ಗ್ವೆನ್ ತಂಡ ಕಟ್ಟಿಕೊಂಡು ಹೊರಟಿದ್ದಾಳೆ. ಅಷ್ಟೇ. ಮುಂದುವರಿಯುತ್ತದೆ ಅಂತ ತೋರಿಸಿ ದೀಪ ಹಾಕಿಬಿಟ್ಟರು.

ನನಗೆ ಇದು ದೊಡ್ಡ ವಿಷಯ ಯಾಕೆ ಅಂದರೆ, ಸಿನಿಮಾ ಎತ್ತಿದ ಪ್ರಶ್ನೆ ಸಣ್ಣದಲ್ಲ. ಎಲ್ಲ ಸ್ಪೈಡರ್-ಮ್ಯಾನ್‌ಗಳ ಬದುಕಲ್ಲೂ ಕೆಲವು ದುಃಖ ಆಗಲೇಬೇಕು, ಅದನ್ನ ತಪ್ಪಿಸಿದರೆ ಆ ಲೋಕವೇ ಹರಿದುಹೋಗುತ್ತೆ ಅಂತಾನೆ ಬೇರೆ ಬೇರೆ ಲೋಕದ ಸ್ಪೈಡರ್-ಮ್ಯಾನ್‌ಗಳ ತಂಡದ ಮುಖ್ಯಸ್ಥ ಮಿಗೆಲ್ ಓಹಾರಾ. ಅದಕ್ಕೆ ಮೈಲ್ಸ್ ಪೊಲೀಸ್ ಕ್ಯಾಪ್ಟನ್ ಆಗಲಿರೋ ತನ್ನ ಅಪ್ಪ ಸಾಯೋದನ್ನ ಸುಮ್ಮನೆ ನೋಡಬೇಕಂತೆ. ಈ ನಿಯಮ ನಿಜವೋ ಸುಳ್ಳೋ ಅನ್ನೋದೇ ಸಿನಿಮಾದ ಜೀವ. ನನ್ನ ಪ್ರಕಾರ ಸುಳ್ಳು, ಅದಕ್ಕೆ ಸಾಕ್ಷಿ ಸಿನಿಮಾದಲ್ಲೇ ಇದೆ. ಆದರೆ ಬಾಯಿಬಿಟ್ಟು ಹೇಳದೆ ನಿಲ್ಲಿಸಿದ್ದಾರೆ. ನಿಮಗೆಲ್ಲ ಏನನ್ನಿಸಿತು?

ಕೊನೆಸಾಲು:
ಸಿಟ್ಟು ನನಗೂ ಬಂತು ಗುರು. ನನ್ನ ಹಿಂದಿನ ಸಾಲಿನಲ್ಲಿ ಯಾರೋ "ಅಯ್ಯೋ, ಮುಗೀತಾ?" ಅಂತ ಜೋರಾಗಿ ಕೂಗಿದರು. ಯಾರೂ ನಗಲಿಲ್ಲ. ಎಲ್ಲರಿಗೂ ಅದೇ ಅನ್ನಿಸಿತ್ತು.

ಹಳೇಸಂಚಿಕೆ:
2021ರ ಡಿಸೆಂಬರ್‌ನಲ್ಲಿ ಮೊದಲ ಸಲ ಹೆಸರು ಹೇಳಿದಾಗ 'ಭಾಗ 1' ಅಂತಲೇ ಹಾಕಿದ್ದರು. ಮರುವರ್ಷ ಅದನ್ನ ತೆಗೆದು ಮೂರನೆಯದಕ್ಕೆ 'ಬಿಯಾಂಡ್' ಅಂತ ಬೇರೆ ಹೆಸರು ಕೊಟ್ಟರು. ಸುದ್ದಿ ಓದೋರಿಗೆ ಗೊತ್ತಿತ್ತು, ಪೋಸ್ಟರ್ ನೋಡಿ ಬಂದವರಿಗೆ ಗೊತ್ತಿರಲಿಲ್ಲ. ತಪ್ಪು ಕಥೆ ಬರೆದವರದಲ್ಲ, ಪೋಸ್ಟರ್ ಮೇಲಿಂದ ಆ ಎರಡು ಅಕ್ಷರ ಅಳಿಸಿದವರದು.

ಬಲೆಗಾರ:
@ಹಳೇಸಂಚಿಕೆ ಇದನ್ನ ಒಪ್ತೀನಿ. ಭಾಗ 1 ಅಂತ ಗೊತ್ತಿದ್ದರೆ ನಾನು ಬೇರೆ ಮನಸ್ಸಿಂದ ಕೂತಿರ್ತಿದ್ದೆ.

ಮಧ್ಯಂತರ:
ಅರ್ಧಕ್ಕೆ ನಿಲ್ಲಿಸೋದು ಹೊಸದೇನಲ್ಲ. ಅವೆಂಜರ್ಸ್ ಸಿನಿಮಾ 'ಇನ್ಫಿನಿಟಿ ವಾರ್' ಕೂಡ 2018ರಲ್ಲಿ ಹಾಗೇ ಕೈಬಿಟ್ಟಿತ್ತು. ಆಗ ಎಲ್ಲರೂ ಚಪ್ಪಾಳೆ ಹೊಡೆದರು.

ಕೊನೆಸಾಲು:
@ಮಧ್ಯಂತರ ಹೋಲಿಕೆ ಸರಿ ಇಲ್ಲ. ಅಲ್ಲಿ ವಿಲನ್ ಥಾನೋಸ್ ಅಂದುಕೊಂಡಿದ್ದನ್ನ ಮಾಡಿ ಮುಗಿಸಿದ. ಕಥೆ ಒಂದು ಕಡೆ ಬಂದು ನಿಂತಿತು, ಸೋಲಿನಲ್ಲಿ ನಿಂತಿತು ಅಷ್ಟೇ. ಮುಂದಿನದು ಒಂದೇ ವರ್ಷಕ್ಕೆ ಬಂತು. ಇಲ್ಲಿ ಮೂರನೆಯದು 2024ರ ಮಾರ್ಚ್‌ಗೆ ಅಂದರು. ನಟರ ಮುಷ್ಕರ ಶುರುವಾದ ಮೇಲೆ ಆ ದಿನಾಂಕವೇ ಮಾಯವಾಯಿತು. ಈಗ 2027ರ ಜೂನ್ ಅಂತಿದ್ದಾರೆ. ನಾಲ್ಕು ವರ್ಷ! ಮೊದಲು ನೋಡಿದ ಹೈಸ್ಕೂಲ್ ಮಕ್ಕಳು ಅಷ್ಟರಲ್ಲಿ ಕಾಲೇಜು ಸೇರಿರ್ತಾರೆ.

ಗ್ವೆನ್_ಕಡೆಯವಳು:
ಅರ್ಧ ಸಿನಿಮಾ ಅನ್ನೋರೆಲ್ಲ ಒಂದು ವಿಷಯ ಮರೀತಿದ್ದೀರಿ. ಇದು ಗ್ವೆನ್ ಸಿನಿಮಾ. ಶುರುವಾಗೋದೂ ಅವಳ ಮಾತಿನಿಂದ, ಮುಗಿಯೋದೂ ಅವಳ ಮಾತಿನಿಂದ. ಮೊದಲಲ್ಲಿ ಡ್ರಮ್ಸ್ ಬಾರಿಸ್ತಾ ಒಬ್ಬಳೇ ಇದ್ದಾಳೆ. ಬ್ಯಾಂಡ್ ಬಿಟ್ಟು ಬರ್ತಾಳೆ. ಅಪ್ಪ ಪೊಲೀಸ್ ಕ್ಯಾಪ್ಟನ್, ತನ್ನ ಮಗಳೇ ಸ್ಪೈಡರ್-ವುಮನ್ ಅಂತ ಗೊತ್ತಿಲ್ಲದೆ ಅವಳ ಗೆಳೆಯ ಪೀಟರ್‌ನ ಕೊಂದವಳು ಅಂತ ಅವಳನ್ನೇ ಹುಡುಕ್ತಿದ್ದಾನೆ. ಅವಳು ಮುಖವಾಡ ತೆಗೆದ ಮೇಲೂ ಅಪ್ಪ ಬಂದೂಕು ಇಳಿಸಲ್ಲ, ಹಕ್ಕು ಓದಿ ಬಂಧಿಸೋಕೆ ಹೋಗ್ತಾನೆ. ಕೊನೆಯಲ್ಲಿ ಅದೇ ಅಪ್ಪನ ಹತ್ತಿರ ವಾಪಸ್ ಬರ್ತಾಳೆ, ಇಬ್ಬರೂ ಮಾತಾಡ್ತಾರೆ, ತಬ್ಬಿಕೊಳ್ತಾರೆ. ಆಮೇಲೆ ತನ್ನದೇ ತಂಡ ಕಟ್ಟಿಕೊಂಡು ಹೊರಡ್ತಾಳೆ. ಇದು ಪೂರ್ತಿ ಕಥೆ ಅಲ್ವಾ? ಮುಗಿಯದೆ ಉಳಿದಿದ್ದು ಮೈಲ್ಸ್‌ದು.

ಇನ್ನೊಂದು, ಆ ಮನೆಯ ದೃಶ್ಯದಲ್ಲಿ ಹಿಂದಿನ ಬಣ್ಣ ಗಮನಿಸಿ. ಗ್ವೆನ್ ಲೋಕ ಪೂರ್ತಿ ಜಲವರ್ಣ. ಅವಳ ಮನಸ್ಸು ಹೇಗಿದೆಯೋ ಗೋಡೆಯೂ ಹಾಗೇ. ಜಗಳ ಆಡುವಾಗ ಬಣ್ಣ ಗೋಡೆಯಿಂದ ಸೋರಿ ಕೆಳಗೆ ಇಳಿಯುತ್ತೆ, ಅಪ್ಪ ಮಗಳು ಒಂದಾದಾಗ ತಿಳಿಯಾಗುತ್ತೆ. ಮಾತು ಕೇಳದೆ ಬರೀ ಬಣ್ಣ ನೋಡಿದರೂ ಅವರ ಮಧ್ಯೆ ಏನಾಗ್ತಿದೆ ಅಂತ ತಿಳಿಯುತ್ತೆ. ನಾನು ಅಲ್ಲಿ ಅತ್ತೆ.

ರಾತ್ರಿಶೋ:
@ಗ್ವೆನ್_ಕಡೆಯವಳು ನಾನು ಅತ್ತಿದ್ದು ಬೇರೆ ಕಡೆ. ಮೈಲ್ಸ್ ಮನೆಗೆ ಬಂದೆ ಅಂದುಕೊಂಡು ಅಮ್ಮನಿಗೆ ಎಲ್ಲ ಹೇಳಿಕೊಳ್ತಾನೆ. ಎಷ್ಟೋ ದಿನದಿಂದ ಬಾಯಿಗೆ ಬಂದು ನಿಲ್ತಿದ್ದ ಮಾತು ಅದು. ನಾನು ಸ್ಪೈಡರ್-ಮ್ಯಾನ್ ಅಂತಾನೆ. ಅಮ್ಮ ಯಾರದು ಸ್ಪೈಡರ್-ಮ್ಯಾನ್ ಅಂತ ಕೇಳ್ತಾಳೆ. ಮೈ ಜುಂ ಅಂತು.

ಮಿಗೆಲ್_ಪರ:
ಎಲ್ಲರೂ ಮಿಗೆಲ್‌ನ ವಿಲನ್ ಮಾಡಿಬಿಟ್ಟಿದ್ದೀರಿ. ಅವನ ಜಾಗದಲ್ಲಿ ನಿಂತು ನೋಡಿ.

ಬೇರೆ ಲೋಕದಲ್ಲಿ ತನ್ನದೇ ರೂಪದವನು ಸತ್ತ. ಅವನಿಗೊಬ್ಬಳು ಪುಟ್ಟ ಮಗಳು. ಮಿಗೆಲ್ ಆ ಜಾಗಕ್ಕೆ ಹೋಗಿ ಅಪ್ಪ ಆದ. ಸ್ವಾರ್ಥಕ್ಕಲ್ಲ, ಆ ಮಗುವಿಗೆ ಅಪ್ಪ ಇರಲಿ, ತನಗೂ ಒಂದು ಮನೆ ಇರಲಿ ಅಂತ. ಆಮೇಲೆ ಆ ಲೋಕವೇ ಅಳಿಸಿಹೋಯಿತು, ಮಗಳು ಅವನ ತೋಳಲ್ಲೇ ಮಾಯವಾದಳು. ಇಷ್ಟೆಲ್ಲ ಕಣ್ಣಾರೆ ಕಂಡವನಿಗೆ ಹದಿನೈದು ವರ್ಷದ ಹುಡುಗ ಬಂದು "ನಾನು ಇಬ್ಬರನ್ನೂ ಉಳಿಸ್ತೀನಿ" ಅಂದರೆ ಹೇಗಿರುತ್ತೆ? ಮೈಲ್ಸ್ ಒಬ್ಬನ ಅಪ್ಪ ಒಂದು ಕಡೆ, ಆ ಲೋಕದ ಕೋಟ್ಯಂತರ ಅಪ್ಪಂದಿರು ಇನ್ನೊಂದು ಕಡೆ. ಮುಂಬೈ, ಮ್ಯಾನ್‌ಹ್ಯಾಟನ್ ಬೆರೆಸಿದ ಊರು ಮುಂಬ್ಯಾಟನ್‌ನಲ್ಲಿ ಮೈಲ್ಸ್, ಸಾಯಬೇಕಿದ್ದ ಇನ್ಸ್‌ಪೆಕ್ಟರ್ ಸಿಂಗ್‌ನ ಉಳಿಸಿದ ಕೂಡಲೇ ಊರ ನಡುವೆ ಕಪ್ಪು ಗುಂಡಿ ಬಾಯಿ ತೆರೀತು. ಅದೂ ಸುಳ್ಳಾ?

ಮಿಗೆಲ್ ಮಾತಿನ ರೀತಿ ಕೆಟ್ಟದು, ಹುಡುಗನನ್ನ ನೀನು ತಪ್ಪಾಗಿ ಹುಟ್ಟಿದವನು ಅನ್ನೋ ಹಾಗೆ ಬೈದದ್ದು ಕ್ರೂರ. ಆದರೆ ಲೆಕ್ಕ ತಪ್ಪು ಅಂತ ಯಾರೂ ತೋರಿಸಿಲ್ಲ.

ಬಲೆಗಾರ:
@ಮಿಗೆಲ್_ಪರ ತೋರಿಸಿದ್ದಾರೆ. ಮೇಲೆ ಗ್ವೆನ್ ಅಪ್ಪನ ವಿಷಯ ಬಂತಲ್ಲ, ಅದೇ. ಮಿಗೆಲ್ ನಿಯಮ ಏನು? ಸ್ಪೈಡರ್-ಮ್ಯಾನ್‌ಗೆ ಹತ್ತಿರದ ಒಬ್ಬ ಪೊಲೀಸ್ ಕ್ಯಾಪ್ಟನ್ ಸಾಯಲೇಬೇಕು. ಗ್ವೆನ್ ಲೋಕದಲ್ಲಿ ಅದು ಅವಳ ಅಪ್ಪ ಜಾರ್ಜ್ ಸ್ಟೇಸಿ. ಅವನೇನು ಮಾಡಿದ? ಕೆಲಸಕ್ಕೆ ರಾಜೀನಾಮೆ ಕೊಟ್ಟ. ಅವನು ಈಗ ಕ್ಯಾಪ್ಟನ್ನೇ ಅಲ್ಲ. ಅಂದರೆ ಅವನ ಸಾವು ತಪ್ಪಿತು. ಗ್ವೆನ್ ಲೋಕ ಹರೀತಾ? ಇಲ್ಲ. ಅಪ್ಪ ಇದನ್ನ ಹೇಳಿದಾಗ ಗ್ವೆನ್ ಮುಖ ನೋಡಿ, ಅವಳಿಗೆ ಅಲ್ಲೇ ಎಲ್ಲ ಹೊಳೆಯುತ್ತೆ. ಅದಕ್ಕೇ ತಂಡ ಕಟ್ಟಿಕೊಂಡು ಹೊರಡೋದು.

ಮಿಗೆಲ್_ಪರ:
ಇನ್ನೂ ಹರಿದಿಲ್ಲ ಅಂತ ಹೇಳಿ. ರಾಜೀನಾಮೆ ಕೊಟ್ಟು ಎಷ್ಟು ದಿನ ಆಯಿತು ಅಂತ ಸಿನಿಮಾ ಹೇಳಲ್ಲ. ಇಲ್ಲಾಂದರೆ ಇನ್ಯಾರೋ ಕ್ಯಾಪ್ಟನ್ ಆಗ್ತಾನೆ, ಅವನು ಸಾಯ್ತಾನೆ.

ಬಲೆಗಾರ:
ಹಾಗಾದರೆ ಅದು ನಿಯಮವೇ ಅಲ್ಲ! ಯಾರು ಸತ್ತರೂ ನಡೆಯುತ್ತೆ ಅನ್ನೋದಾದರೆ ಮೈಲ್ಸ್ ಅಪ್ಪನೇ ಯಾಕೆ ಸಾಯಬೇಕು? ಅವನೂ ನಾಳೆ ರಾಜೀನಾಮೆ ಕೊಟ್ಟರಾಯಿತು. ಅವನಿನ್ನೂ ಕ್ಯಾಪ್ಟನ್ ಆಗಿ ಅಧಿಕಾರ ವಹಿಸಿಕೊಂಡೂ ಇಲ್ಲ. ಫೋನ್ ಮಾಡಿ ಹೇಳಿದರೆ ಮುಗೀತು. ಅಷ್ಟೂ ಮಾಡೋಕೆ ಬಿಡದೆ ನೂರಾರು ಸ್ಪೈಡರ್-ಮ್ಯಾನ್‌ಗಳನ್ನ ಆ ಹುಡುಗನ ಬೆನ್ನಿಗೆ ಅಟ್ಟಿದ್ದು ಯಾವ ನ್ಯಾಯ?

ಗುಂಡಿಲೆಕ್ಕ:
ಮುಂಬ್ಯಾಟನ್ ಗುಂಡಿ ಬಗ್ಗೆ ನಂದೊಂದು ಮಾತು. ಅಲ್ಲಿ ಎರಡು ವಿಷಯ ಒಂದೇ ಹೊತ್ತಿಗೆ ಆಗಿವೆ. ಒಂದು, ಮೈಲ್ಸ್ ಇನ್ಸ್‌ಪೆಕ್ಟರ್‌ನ ಉಳಿಸಿದ್ದು. ಇನ್ನೊಂದು, ಅದಕ್ಕೆ ಸ್ವಲ್ಪ ಮುಂಚೆ ಮೈಯೆಲ್ಲ ತೂತಿರೋ ವಿಲನ್ ಸ್ಪಾಟ್ ಅಲ್ಲಿನ ಆಲ್ಕೆಮ್ಯಾಕ್ಸ್ ಕಂಪನಿಯ ಕೊಲೈಡರ್ ಯಂತ್ರಕ್ಕೆ ನುಗ್ಗಿ ಅದರ ಶಕ್ತಿಯನ್ನೆಲ್ಲ ಹೀರಿಕೊಂಡಿದ್ದು. ಮೊದಲ ಸಿನಿಮಾದಲ್ಲಿ ಲೋಕಗಳ ಮಧ್ಯೆ ತೂತು ಬಿದ್ದಿದ್ದೂ ಕೊಲೈಡರ್‌ನಿಂದಲೇ. ಹಾಗಿದ್ದಮೇಲೆ ಈ ಗುಂಡಿಯೂ ಕೊಲೈಡರ್‌ದೇ ಯಾಕಾಗಬಾರದು? ಮಿಗೆಲ್ ಎರಡನೆಯದನ್ನ ನೋಡೋದೇ ಇಲ್ಲ. ತನ್ನ ಮಗಳ ವಿಷಯದಲ್ಲೂ ಅಷ್ಟೇ. ನಾನು ಅಲ್ಲಿಗೆ ಹೋದದ್ದಕ್ಕೇ ಲೋಕ ಅಳಿಯಿತು ಅಂತ ಅವನು ನಂಬಿದ್ದಾನೆ. ನಂಬಿದ್ದಾನೆ ಅಷ್ಟೇ, ಪರೀಕ್ಷೆ ಮಾಡಿಲ್ಲ. ತನ್ನ ತಲೆ ಮೇಲೆ ಹೊತ್ತುಕೊಂಡ ಪಾಪವನ್ನ ಎಲ್ಲರಿಗೂ ಕಾನೂನು ಮಾಡಿದ್ದಾನೆ.

ಮಿಗೆಲ್_ಪರ:
@ಗುಂಡಿಲೆಕ್ಕ ಇದು ಒಳ್ಳೇ ಮಾತು. ಕೊಲೈಡರ್ ವಿಷಯ ಯೋಚನೆ ಮಾಡೋ ಹಾಗಿದೆ. ಆದರೂ ಗೊತ್ತಿಲ್ಲದಾಗ ಎಚ್ಚರಿಕೆ ಕಡೆ ವಾಲೋದು ತಪ್ಪಲ್ಲ ಅಂತೀನಿ. ಪಣಕ್ಕಿಟ್ಟಿರೋದು ಒಂದು ಇಡೀ ಲೋಕ.

ಹಳೇಸಂಚಿಕೆ:
ಕಾಮಿಕ್ಸ್ ಓದದವರಿಗೆ ಸ್ವಲ್ಪ ಹಿನ್ನೆಲೆ. ಕ್ಯಾಪ್ಟನ್ ಸಾವಿನ ಘಟನೆಗೆ ಸಿನಿಮಾದಲ್ಲಿ 'ಎ.ಎಸ್.ಎಂ. 90' ಅಂತ ಸಂಕೇತ ಇದೆ. 1970ರ 'ಅಮೇಜಿಂಗ್ ಸ್ಪೈಡರ್-ಮ್ಯಾನ್' 90ನೇ ಸಂಚಿಕೆ ಅದು. ಅದರಲ್ಲಿ ಡಾಕ್ಟರ್ ಆಕ್ಟೋಪಸ್ ಜೊತೆ ಹೊಡೆದಾಟ ನಡೆಯುವಾಗ ಕಟ್ಟಡದ ಇಟ್ಟಿಗೆ ಕುಸಿದು ಬೀಳುತ್ತೆ, ಕೆಳಗಿದ್ದ ಒಬ್ಬ ಹುಡುಗನನ್ನ ಉಳಿಸೋಕೆ ಹೋಗಿ ಜಾರ್ಜ್ ಸ್ಟೇಸಿ ಸಾಯ್ತಾರೆ. ಮೂರು ವರ್ಷ ಆದಮೇಲೆ, 1973ರಲ್ಲಿ 121ನೇ ಸಂಚಿಕೆಯಲ್ಲಿ ಗ್ವೆನ್ ಕೂಡ ಸಾಯ್ತಾಳೆ. ಸಿನಿಮಾದಲ್ಲಿ ಗ್ವೆನ್ ಮತ್ತು ಮೈಲ್ಸ್ ಊರು ನೋಡ್ತಾ ತಲೆಕೆಳಗಾಗಿ ಕೂತು ಮಾತಾಡೋ ದೃಶ್ಯ ಇದೆಯಲ್ಲ, ಬೇರೆ ಎಲ್ಲ ಲೋಕದಲ್ಲೂ ಗ್ವೆನ್ ಸ್ಪೈಡರ್-ಮ್ಯಾನ್‌ನ ಪ್ರೀತಿಸ್ತಾಳೆ, ಎಲ್ಲೂ ಅದು ಒಳ್ಳೇದಾಗಿ ಮುಗಿಯಲ್ಲ ಅಂತ ಅವಳೇ ಹೇಳ್ತಾಳೆ. 121 ಓದಿದವರಿಗೆ ಅಲ್ಲಿ ಎದೆ ಧಸಕ್ ಅನ್ನುತ್ತೆ.

ಈಗ ನನ್ನ ಅಭಿಪ್ರಾಯ. ಈ 'ಕ್ಯಾನನ್', ಅಂದರೆ ಕಥೆಯಲ್ಲಿ ಆಗಲೇಬೇಕಾದದ್ದು, ಅನ್ನೋದನ್ನ ಮಿಗೆಲ್ ಕಂಡುಹಿಡಿದಿದ್ದಲ್ಲ. ಅದು ನಮ್ಮದು, ಓದುಗರದು. ಹೀಗೇ ಆಗಬೇಕು, ಹೀಗಾದರೆ ಮಾತ್ರ ಅವನು ನಿಜವಾದ ಸ್ಪೈಡರ್-ಮ್ಯಾನ್ ಅಂತ ಹಟ ಹಿಡಿಯೋರು ನಾವು. 2011ರಲ್ಲಿ ಬ್ರಯಾನ್ ಮೈಕಲ್ ಬೆಂಡಿಸ್ ಮತ್ತು ಸಾರಾ ಪಿಕೆಲ್ಲಿ ಮೈಲ್ಸ್‌ನ ತಂದಾಗ ಎಷ್ಟು ಕೂಗಾಟ ಆಯಿತು! ಕಪ್ಪು ಅಪ್ಪ, ಪೋರ್ಟೊರಿಕೊ ಮೂಲದ ಅಮ್ಮ ಇರೋ ಹುಡುಗ ಸ್ಪೈಡರ್-ಮ್ಯಾನ್ ಹೇಗಾಗ್ತಾನೆ ಅಂತ ಕೇಳಿದವರು ಬಹಳ ಜನ. ಸಿನಿಮಾದಲ್ಲಿ ಮಿಗೆಲ್ ಅದನ್ನೇ ಹೇಳ್ತಾನೆ. ನಿನ್ನನ್ನ ಕಚ್ಚಿದ ಜೇಡ ನಿನಗೆ ಬಂದಿದ್ದೇ ಅಲ್ಲ, 42ನೇ ಲೋಕದ್ದು. ಅಲ್ಲಿಗೆ ಸೇರಬೇಕಾದ ಸ್ಪೈಡರ್-ಮ್ಯಾನ್ ಇಲ್ಲದೇ ಹೋದ, ಇಲ್ಲಿನ ಪೀಟರ್ ಸತ್ತ, ಎಲ್ಲ ನಿನ್ನಿಂದ. ಇದು ಆ ಹುಡುಗನ ಕಿವಿಗೆ ಮಾತ್ರ ಹೇಳಿದ ಮಾತಲ್ಲ ಅನ್ನಿಸುತ್ತೆ ನನಗೆ. ಅದಕ್ಕೆ ಮೈಲ್ಸ್ ಕೊಡೋ ಉತ್ತರ, ನನ್ನ ಕಥೆ ಹೇಗೆ ನಡೆಯಬೇಕು ಅಂತ ಎಲ್ಲರೂ ಹೇಳ್ತಾ ಇರ್ತಾರೆ, ನಾನು ನನ್ನದೇ ದಾರಿ ಹಿಡೀತೀನಿ ಅನ್ನೋದು, ನನಗೆ ಸಿನಿಮಾದ ನಿಜವಾದ ಕೊನೆ ಅದೇ.

ಗ್ವೆನ್_ಕಡೆಯವಳು:
@ಹಳೇಸಂಚಿಕೆ ಮೊದಲೇ ಹೇಳಬಾರದಿತ್ತಾ ಇದನ್ನ. ಈ ಕಣ್ಣಿಂದ ಇನ್ನೊಂದು ಸಲ ನೋಡ್ತೀನಿ.

ರಾತ್ರಿಶೋ:
ಮೊದಲ ಸಿನಿಮಾದಲ್ಲಿ ಮೈಲ್ಸ್‌ಗೆ ಗುರುವಾಗಿದ್ದ ಪೀಟರ್ ಬಿ. ಬಗ್ಗೆ ಯಾರೂ ಮಾತಾಡ್ತಿಲ್ಲ. ಮಗಳನ್ನ ಎದೆಗೆ ಕಟ್ಟಿಕೊಂಡು ಬರ್ತಾನೆ, ನಿನ್ನಿಂದಲೇ ನನಗೆ ಮಗು ಬೇಕು ಅನ್ನಿಸಿತು ಅಂತ ಮೈಲ್ಸ್‌ಗೆ ಹೇಳ್ತಾನೆ, ಆದರೂ ಮಿಗೆಲ್ ಪಕ್ಕದಲ್ಲಿ ನಿಂತಿರ್ತಾನೆ. ನನಗೆ ಮಿಗೆಲ್‌ಗಿಂತ ಅವನ ಮೇಲೆ ಕೋಪ ಜಾಸ್ತಿ.

ಡ್ರಾಯಿಂಗ್_ಮೇಷ್ಟ್ರು:
ಕಥೆ ಜಗಳ ನೀವು ಆಡಿ, ನಾನು ಚಿತ್ರದ ಬಗ್ಗೆ ಹೇಳ್ತೀನಿ. ಹೋಬಿ, ಅಂದರೆ ಸ್ಪೈಡರ್-ಪಂಕ್, ಬಂದಾಗ ತೆರೆಯ ಮೇಲೆ ಏನೋ ಒಂಥರಾ ನಡುಗಿದ ಹಾಗೆ ಕಾಣುತ್ತಲ್ಲ? ಅವನ ಮೈ ಒಂದು ವೇಗದಲ್ಲಿ ಚಲಿಸುತ್ತೆ, ಜಾಕೆಟ್ ಇನ್ನೊಂದು ವೇಗ, ಗಿಟಾರ್ ಮತ್ತೊಂದು ವೇಗ. ಪತ್ರಿಕೆ ಕತ್ತರಿಸಿ ಅಂಟಿಸಿದ ಪೋಸ್ಟರ್ ಎದ್ದು ನಡೆದ ಹಾಗೆ. ಯಾವ ನಿಯಮಕ್ಕೂ ಒಗ್ಗದ ಹುಡುಗ ಅವನು, ಅದಕ್ಕೆ ಅವನ ಚಿತ್ರವೂ ಒಗ್ಗಲ್ಲ.

ಮೊದಲ ಸಿನಿಮಾದಲ್ಲೂ ಇಂಥದ್ದೇ ಒಂದು ಕೆಲಸ ಮಾಡಿದ್ದರು. ಶುರುವಿನಲ್ಲಿ ಮೈಲ್ಸ್ ಸೆಕೆಂಡಿಗೆ 12 ಚಿತ್ರದಲ್ಲಿ ಓಡ್ತಾನೆ, ಪಕ್ಕದಲ್ಲಿ ಪೀಟರ್ 24ರಲ್ಲಿ. ಹುಡುಗನಿಗೆ ಇನ್ನೂ ಕೈ ಪಳಗಿಲ್ಲ ಅಂತ ನಮಗೆ ಗೊತ್ತಾಗದ ಹಾಗೇ ಗೊತ್ತಾಗುತ್ತೆ.

ಮುಂಬ್ಯಾಟನ್ ಚಿತ್ರಿಸೋಕೆ ಅವರು ಹಳೇ ಇಂದ್ರಜಾಲ ಕಾಮಿಕ್ಸ್ ಪುಟಗಳನ್ನ ಮುಂದಿಟ್ಟುಕೊಂಡಿದ್ದರು. ಬಣ್ಣ ಗೆರೆಯಿಂದ ಸ್ವಲ್ಪ ಆಚೆ ಚೆಲ್ಲಿದ ಹಾಗಿರುತ್ತಲ್ಲ, ಹಳೇ ಅಚ್ಚಿನ ಆ ಗುಣ ಅಲ್ಲಿದೆ. ಫ್ಯಾಂಟಮ್, ಮ್ಯಾಂಡ್ರೇಕ್ ಓದಿ ಬೆಳೆದವರಿಗೆ ತಕ್ಷಣ ಗುರುತು ಸಿಗುತ್ತೆ.

ಕೊನೆಸಾಲು:
ಮುಂಬ್ಯಾಟನ್‌ನ ಸ್ಪೈಡರ್-ಮ್ಯಾನ್ ಪವಿತ್ರ್ ಪ್ರಭಾಕರ್ ಸಿನಿಮಾಕ್ಕೋಸ್ಕರ ಹುಟ್ಟಿದವನಾ?

ಹಳೇಸಂಚಿಕೆ:
ಅಲ್ಲ. 2004ರಲ್ಲೇ 'ಸ್ಪೈಡರ್-ಮ್ಯಾನ್: ಇಂಡಿಯಾ' ಅಂತ ಕಾಮಿಕ್ಸ್ ಬಂದಿತ್ತು. ಜೀವನ್ ಕಾಂಗ್ ಚಿತ್ರ, ಶರದ್ ದೇವರಾಜನ್ ಮತ್ತು ಸುರೇಶ್ ಸೀತಾರಾಮನ್ ಬರಹ. ಸ್ಪಾಟ್ ಕೂಡ ಹೊಸಬನಲ್ಲ, 1980ರ ದಶಕದ ಚಿಲ್ಲರೆ ವಿಲನ್. ಅವನನ್ನ ಇಷ್ಟು ಭಯ ಹುಟ್ಟಿಸೋ ಹಾಗೆ ಬೆಳೆಸಿದ್ದೇ ಈ ಸಿನಿಮಾದ ಜಾಣತನ. ಮೊದಲಲ್ಲಿ ಎಟಿಎಂ ಕದಿಯೋಕೂ ಬರಲ್ಲ. ಮೈಲ್ಸ್ ಅವನನ್ನ ಲೆಕ್ಕಕ್ಕೇ ತಗೊಳ್ಳಲ್ಲ. ಅದೇ ಅವಮಾನ ಅವನನ್ನ ಎಲ್ಲಿಗೋ ಒಯ್ಯುತ್ತೆ.

ಮಧ್ಯಂತರ:
ನಾನು ಕನ್ನಡದಲ್ಲಿ ನೋಡಿದೆ. ಇಂಗ್ಲಿಷ್ ಸೇರಿ ಹತ್ತು ಭಾಷೆಯಲ್ಲಿ ಬಿಟ್ಟಿದ್ದರು, ಕನ್ನಡವೂ ಇತ್ತು. ಇಂಥ ಸಿನಿಮಾಗಳು ಕನ್ನಡದಲ್ಲಿ ಬರ್ತಾನೇ ಇರಬೇಕು. ಮಾತು ಓದೋಕೆ ಕಣ್ಣು ಕೆಳಗೆ ಹೋದರೆ ಮೇಲಿನ ಚಿತ್ರ ತಪ್ಪಿಹೋಗುತ್ತೆ, ಈ ಸಿನಿಮಾದಲ್ಲಂತೂ ಒಂದು ಕ್ಷಣ ತಪ್ಪಿದರೂ ನಷ್ಟ.

ರಾತ್ರಿಶೋ:
@ಮಧ್ಯಂತರ ನೂರಕ್ಕೆ ನೂರು. ಇಂಗ್ಲಿಷ್‌ನಲ್ಲಿ ಮೊದಲ ಭಾಗದ ಗ್ವೆನ್ ಮಾತು ನನಗೆ ಅರ್ಧ ಕೇಳಿಸಲೇ ಇಲ್ಲ, ಸಂಗೀತದಲ್ಲಿ ಮುಳುಗಿಹೋಗಿತ್ತು. ಬಹಳ ಕಡೆ ಈ ದೂರು ಇತ್ತು. ನಿರ್ಮಾಪಕ ಫಿಲ್ ಲಾರ್ಡ್ ಅವರೇ ಥಿಯೇಟರ್‌ನವರಿಗೆ ಧ್ವನಿ ಜೋರು ಮಾಡಿ ಅಂತ ಬಹಿರಂಗವಾಗಿ ಕೇಳಿಕೊಂಡಿದ್ದರು.

ಗುಂಡಿಲೆಕ್ಕ:
ಥಿಯೇಟರ್‌ಗೆ ಬಂದ ಪ್ರತಿಗಳಲ್ಲೂ ಸಣ್ಣ ಸಣ್ಣ ವ್ಯತ್ಯಾಸ ಇತ್ತು. ಕೆಲವು ಕಡೆ ಒಂದು ಮಾತು, ಬೇರೆ ಕಡೆ ಇನ್ನೊಂದು. ಸಂಕಲನ ತಂಡದವರೇ ಹೌದು ಅಂತ ಒಪ್ಪಿಕೊಂಡರು. ನೀವು ನೋಡಿದ ಸಿನಿಮಾ, ನಾನು ನೋಡಿದ ಸಿನಿಮಾ ಪೂರ್ತಿ ಒಂದೇ ಅಲ್ಲದೇ ಇರಬಹುದು.

ಡ್ರಾಯಿಂಗ್_ಮೇಷ್ಟ್ರು:
ಲೆಗೊ ಲೋಕದ ದೃಶ್ಯ ಮಾಡಿದ್ದು 14 ವರ್ಷದ ಹುಡುಗ ಅಂತ ಗೊತ್ತಾ? ಸಿನಿಮಾದ ಟ್ರೇಲರನ್ನ ಮನೆಯಲ್ಲಿ ಕೂತು ಲೆಗೊ ರೂಪದಲ್ಲಿ ಕಂಪ್ಯೂಟರ್‌ನಲ್ಲಿ ಮಾಡಿ ಹಾಕಿದ್ದ. ಅದನ್ನ ನೋಡಿ ಸಿನಿಮಾದವರೇ ಕರೆದು ಕೆಲಸ ಕೊಟ್ಟರು. ನನ್ನ ವಿದ್ಯಾರ್ಥಿಗಳಿಗೆಲ್ಲ ಹೇಳ್ತೀನಿ ಈ ಕಥೆ.

ಎಡಿಟ್_ಟೇಬಲ್:
ಖುಷಿಯ ವಿಷಯ ಹೇಳಿದಿರಿ, ನಾನು ಕಹಿ ವಿಷಯ ಹೇಳಲೇಬೇಕು. ಸಿನಿಮಾ ಬಿಡುಗಡೆಯಾದ ತಿಂಗಳೇ ಒಂದು ವರದಿ ಬಂತು. ಸಾವಿರದಷ್ಟು ಕಲಾವಿದರು ದುಡಿದ ಸಿನಿಮಾ ಇದು, ಅದರಲ್ಲಿ ಸುಮಾರು 100 ಜನ ನಡುವೆಯೇ ಬಿಟ್ಟು ಹೋದರು ಅಂತ. ದಿನಕ್ಕೆ 11 ಗಂಟೆಗೂ ಜಾಸ್ತಿ, ವಾರಕ್ಕೆ ಏಳೂ ದಿನ. ಪೂರ್ತಿ ಮುಗಿಸಿದ ದೃಶ್ಯವನ್ನೂ ಮತ್ತೆ ಬದಲಾಯಿಸಿ, ಮತ್ತೆ ಬದಲಾಯಿಸಿ ಅನ್ನೋ ಆದೇಶ. ನಾನೂ ಅನಿಮೇಷನ್ ಕೆಲಸ ಮಾಡೋನು. ಮುಗಿದ ಶಾಟ್ ವಾಪಸ್ ಬಂದಾಗ ಹೊಟ್ಟೆಯಲ್ಲಿ ಆಗೋ ಸಂಕಟ ನನಗೆ ಗೊತ್ತು. ನೀವು ಅತ್ತ ಆ ಜಲವರ್ಣದ ದೃಶ್ಯದ ಹಿಂದೆ ಯಾರದೋ ನಿದ್ದೆ ಇಲ್ಲದ ವಾರಗಳಿವೆ.

ಅದಕ್ಕೇ ನನಗೆ ಮೂರನೇ ಭಾಗ ತಡವಾಗಿದ್ದಕ್ಕೆ ಬೇಜಾರಿಲ್ಲ. 2024ರ ಮಾರ್ಚ್‌ಗೆ ಅದು ಆಗೋ ಕೆಲಸವೇ ಆಗಿರಲಿಲ್ಲ. ಆ ದಿನಾಂಕಕ್ಕೆ ತರೋಕೆ ಹೋಗಿದ್ದರೆ ಇನ್ನೆಷ್ಟು ಜನ ನೆಲ ಕಚ್ಚುತ್ತಿದ್ದರೋ.

ಕೊನೆಸಾಲು:
@ಎಡಿಟ್_ಟೇಬಲ್ ಹಾಗಾದರೆ ಕಾಯೋಣ. ಆದರೆ ಆ ಸಮಯದ ಲಾಭ ಕಲಾವಿದರಿಗೆ ಸಿಗಲಿ. ತಡವೂ ಆಗಿ ದುಡಿತವೂ ಹಾಗೇ ಇದ್ದರೆ ಏನು ಬಂತು?

ಎಡಿಟ್_ಟೇಬಲ್:
ನನ್ನ ಪ್ರಾರ್ಥನೆಯೂ ಅದೇ.

ಮಿಗೆಲ್_ಪರ:
ದುಡ್ಡಿನ ವಿಷಯದಲ್ಲಿ ಸ್ಟುಡಿಯೋಗೆ ಅವಸರ ಇರೋದು ಅರ್ಥವಾಗುತ್ತೆ. ಮೊದಲ ಸಿನಿಮಾ ಲೋಕದಾದ್ಯಂತ 38 ಕೋಟಿ ಡಾಲರ್ ದಾಟಿತು, ಎರಡನೆಯದು 69 ಕೋಟಿ ಹತ್ತಿರ ಹೋಯಿತು. ಅಮೆರಿಕದ ಮೊದಲ ವಾರಾಂತ್ಯವೇ 12 ಕೋಟಿ ಡಾಲರ್, 2018ರದ್ದಕ್ಕಿಂತ ಮೂರು ಪಟ್ಟಿಗೂ ಜಾಸ್ತಿ. ಇಷ್ಟು ಗಳಿಸಿದ ಮೇಲೂ ಕಲಾವಿದರಿಗೆ ಉಸಿರಾಡೋಕೆ ಸಮಯ ಕೊಡದಿದ್ದರೆ ಅದು ಬರೀ ದುರಾಸೆ.

ಗ್ವೆನ್_ಕಡೆಯವಳು:
ಆಸ್ಕರ್ ಕೊಡಬೇಕಿತ್ತು. ಮೊದಲನೆಯದಕ್ಕೆ ಕೊಟ್ಟರು, ಇದಕ್ಕೆ ಕೊಡಲಿಲ್ಲ.

ಡ್ರಾಯಿಂಗ್_ಮೇಷ್ಟ್ರು:
@ಗ್ವೆನ್_ಕಡೆಯವಳು ಗೆದ್ದಿದ್ದು ಮಿಯಾಝಾಕಿ ಅವರ 'ದ ಬಾಯ್ ಅಂಡ್ ದ ಹೆರಾನ್' ಅಲ್ವಾ ಅಮ್ಮಾ, ಅದೇನು ಕಡಿಮೆ ಸಿನಿಮಾ ಅಲ್ಲ. ಕೈಯಲ್ಲಿ ಬರೆದ ಒಂದೊಂದು ಗೆರೆಗೂ ಬೆಲೆ ಕೊಡಬೇಕು.

ಗ್ವೆನ್_ಕಡೆಯವಳು:
ಗೌರವ ಇದೆ ಮೇಷ್ಟ್ರೇ. ಆದರೂ ನನ್ನ ಮತ ಗ್ವೆನ್‌ಗೇ.

ಬಲೆಗಾರ:
ಮತ್ತೆ ಮೂಲ ಪ್ರಶ್ನೆಗೆ ಬರ್ತೀನಿ. ಇಷ್ಟೆಲ್ಲ ಓದಿದ ಮೇಲೂ ಮಿಗೆಲ್ ನಿಯಮ ಸುಳ್ಳು ಅಂತಲೇ ಹೇಳ್ತೀನಿ. ಮೂರನೆಯದರಲ್ಲಿ ಅಪ್ಪ ಬದುಕಬೇಕು, ಲೋಕವೂ ಉಳಿಯಬೇಕು. ಮೈಲ್ಸ್ ಹೇಳಿದ್ದು ಅದನ್ನೇ, ಎರಡನ್ನೂ ಮಾಡ್ತೀನಿ ಅಂತ. ಅದು ಆಗದೆ ಅಪ್ಪನನ್ನ ಸಾಯಿಸಿ, ಕಣ್ಣೀರು ಹಾಕಿಸಿ, ದೊಡ್ಡವನಾಗೋದು ಅಂದರೆ ಇದೇ ಅಂತ ಪಾಠ ಹೇಳಿದರೆ, ಎರಡನೇ ಸಿನಿಮಾ ಕಟ್ಟಿದ್ದನ್ನೆಲ್ಲ ಅವರೇ ಕೆಡವಿದ ಹಾಗೆ.

ಮಿಗೆಲ್_ಪರ:
ಅಪ್ಪ ಬದುಕಿದರೆ ನನಗೂ ಸಂತೋಷವೇ. ಆದರೆ ಪುಗಸಟ್ಟೆ ಬದುಕಬಾರದು. ಯಾರಾದರೂ ಏನಾದರೂ ತೆರಬೇಕು. ನನ್ನ ಊಹೆ, ತೆರೋನು ಮಿಗೆಲ್. ತಾನು ತಪ್ಪು ಅಂತ ಗೊತ್ತಾದ ದಿನ ಆ ಕಪ್ಪು ಗುಂಡಿ ಮುಚ್ಚೋಕೆ ಅವನೇ ಇಳೀತಾನೆ.

ಗುಂಡಿಲೆಕ್ಕ:
ಮೈಲ್ಸ್ ಕೊನೆಗೆ ಸಿಕ್ಕಿಹಾಕಿಕೊಂಡ 42ನೇ ಲೋಕ ಮರೆತುಬಿಟ್ಟಿರಿ. ಅಲ್ಲಿ ಅಪ್ಪ ಸತ್ತಿದ್ದಾನೆ, ಚಿಕ್ಕಪ್ಪ ಆ್ಯರನ್ ಬದುಕಿದ್ದಾನೆ, ಸ್ಪೈಡರ್-ಮ್ಯಾನೇ ಇಲ್ಲ. ಆದರೂ ಆ ಲೋಕ ನಿಂತಿದೆ ನೋಡಿ! ಹಾಳಾಗಿದೆ, ಗೂಂಡಾಗಳ ಕೈಗೆ ಹೋಗಿದೆ, ಆದರೆ ಅಳಿದಿಲ್ಲ. ಅಲ್ಲಿಗೆ ಬರಬೇಕಿದ್ದ ಜೇಡವೇ ಕಳೆದುಹೋದ ಮೇಲೂ ಲೋಕ ನಿಲ್ಲುತ್ತೆ ಅಂದರೆ, ಒಬ್ಬ ಕ್ಯಾಪ್ಟನ್ ಬದುಕಿದ್ದಕ್ಕೆ ಹೇಗೆ ಬೀಳುತ್ತೆ?

ಮಿಗೆಲ್_ಪರ:
@ಗುಂಡಿಲೆಕ್ಕ ಇದಕ್ಕೆ ಉತ್ತರ ಯೋಚಿಸಿ ಬರ್ತೀನಿ. ಬಿಡಲ್ಲ ನಾನು.